ಬಾಟಲಿಯ ಮೇಲಿನ ಮಾತು

ಮೊದಲ ಕಮೆಂಟು ಬಂದದ್ದು ಒಂದು ಸೋಮವಾರ ಬೆಳಿಗ್ಗೆ, ಗಾಣದೆಣ್ಣೆಯೊಂದರ ಜಾಹೀರಾತು ಪುಟದಲ್ಲಿ. ‘ನೋಣಯ್ಯನವರನ್ನೇ ಒಮ್ಮೆ ಕೇಳಿ.’ ಇಷ್ಟೇ. ಬೈಗುಳವಿರಲಿಲ್ಲ, ವ್ಯಂಗ್ಯದ ಚಿತ್ರಗಳಿರಲಿಲ್ಲ. ಬರೆದವರ ಹೆಸರಿನ ಜಾಗದಲ್ಲಿ ‘ನದಿ ಬದಿ’ ಎಂದಿತ್ತು. ಮುಖ ಇರಬೇಕಾದಲ್ಲಿ ಖಾಲಿ ಬೂದು ವೃತ್ತ.

ಭವ್ಯಶ್ರೀ ಅದನ್ನು ಓದಿ, ಚಹಾ ಮುಗಿಸಿ, ಮರೆತುಬಿಟ್ಟಳು. ಮೂಡುಬಿದಿರೆಯಲ್ಲಿ ಜೆರಾಕ್ಸ್ ಅಂಗಡಿಯೊಂದರ ಮಹಡಿಯ ಮೇಲೆ ಅವಳ ಒಂದೇ ಕೋಣೆಯ ಆಫೀಸು. ವ್ಯಾಪಾರಿಗಳಿಗಾಗಿ ಬರೆಯುವುದು ಅವಳ ಕೆಲಸ. ಬೇಕರಿಯ ಹಬ್ಬದ ಪೋಸ್ಟು, ಹಲ್ಲಿನ ಡಾಕ್ಟರ ವೆಬ್‌ಸೈಟಿನ ‘ನಮ್ಮ ಬಗ್ಗೆ’ ಪುಟ, ಟೈಲ್ಸ್ ಅಂಗಡಿಯ ವಾಟ್ಸಾಪ್ ಸಂದೇಶ, ಆ ಎಣ್ಣೆಯ ಪುಟ ಎಲ್ಲವೂ ಅವಳ ಕೈಯಿಂದಲೇ ಹೋಗುತ್ತಿದ್ದವು. ಅದಕ್ಕೂ ಮೊದಲು ಏಳು ವರ್ಷ ಮಂಗಳೂರಿನ ಪತ್ರಿಕೆಯೊಂದರಲ್ಲಿ ಉಪಸಂಪಾದಕಿಯಾಗಿದ್ದವಳು. ವಾರಕ್ಕೊಮ್ಮೆ ಮಿಜಾರಿನ ಕಾಲೇಜೊಂದಕ್ಕೆ ಹೋಗಿ ಬಿ.ಕಾಂ. ಓದುವವರಿಗೆ ‘ವ್ಯಾಪಾರಕ್ಕೆ ಬರವಣಿಗೆ’ ಎಂದು ಪಾಠವನ್ನೂ ಮಾಡುತ್ತಿದ್ದಳು. "ನಿಮ್ಮನ್ನು ಯಾರೂ ನಂಬುವುದಿಲ್ಲ ಅಂತ ತಿಳಿದುಕೊಂಡೇ ಬರೆಯಿರಿ. ಜಾಹೀರಾತು ಅಂತ ಗೊತ್ತಾದ ಕೂಡಲೇ ಓದುವವರು ಬೆನ್ನು ನೆಟ್ಟಗೆ ಮಾಡಿ ಕೂತುಕೊಳ್ತಾರೆ" ಎಂದು ಮೊದಲ ತರಗತಿಯಲ್ಲೇ ಹೇಳುತ್ತಿದ್ದಳು.

ಬುಧವಾರ ಅದೇ ಕಮೆಂಟು ಮತ್ತೆ ಬಂತು, ಬೇರೊಂದು ಪೋಸ್ಟಿನ ಅಡಿಯಲ್ಲಿ. ಶುಕ್ರವಾರ ಇನ್ನೊಂದು. ಅಷ್ಟರಲ್ಲಿ ಅದರ ಕೆಳಗೆ ಜನ ಸೇರಿದ್ದರು. ‘ಏನು ವಿಷಯ?’ ‘ಕಲಬೆರಕೆಯಾ?’ ‘ನನಗೆ ಮೊದಲೇ ಡೌಟಿತ್ತು.’ ಮಧ್ಯಾಹ್ನ ಝಕರಿಯಾನ ಫೋನು ಬಂತು.

"ಮೇಡಂ, ಇದು ಎಂಥದು? ಬೆಳಿಗ್ಗೆಯಿಂದ ಮೂರು ಅಂಗಡಿಯವರು ಕೇಳಿದ್ರು. ನೋಣಯ್ಯರನ್ನು ಎಂಥ ಕೇಳ್ಲಿಕ್ಕುಂಟು?"

"ನೀವೇ ಹೇಳಬೇಕು ಝಕರಿಯಾ. ಮಿಲ್ಲು ನಿಮ್ಮದು."

"ನನಗೆ ಎಂಥ ಗೊತ್ತುಂಟು ಮಾರಾಯ್ರೆ!" ಎಂದ ಅವನು. ಸ್ವಲ್ಪ ಹೆಚ್ಚೇ ಜೋರಾಗಿ ಎಂದಂತೆ ಅವಳಿಗೆ ಕೇಳಿಸಿತು.

ಝಕರಿಯಾ ಶಾರ್ಜಾದಲ್ಲಿ ಹದಿಮೂರು ವರ್ಷ ಸೂಪರ್‌ಮಾರ್ಕೆಟ್ ನೋಡಿಕೊಂಡು ಊರಿಗೆ ಬಂದವನು. ಪುಂಜಾಲಕಟ್ಟೆಯ ಹತ್ತಿರ ಮುಚ್ಚಿ ಬಿದ್ದಿದ್ದ ಒಂದು ಎಣ್ಣೆ ಮಿಲ್ಲನ್ನು ಕೊಂಡು, ಮರದ ಗಾಣಕ್ಕೆ ಮೋಟಾರು ಜೋಡಿಸಿ, ‘ಪುಂಜಾಲ ಗಾಣದೆಣ್ಣೆ’ ಎಂದು ತೆಂಗಿನೆಣ್ಣೆ ಮಾಡಲು ಹೊರಟ. ಆರು ತಿಂಗಳಾದರೂ ಬಾಟಲಿಗಳು ಅಂಗಡಿಗಳ ಕೆಳಗಿನ ಕಪಾಟಿನಿಂದ ಮೇಲೇಳಲಿಲ್ಲ. ಆಗ ಭವ್ಯಶ್ರೀಯನ್ನು ಹುಡುಕಿಕೊಂಡು ಬಂದ. ಅವನ ಲೇಬಲ್ಲಿನಲ್ಲಿ ಶುದ್ಧ, ಸಾವಯವ, ಪಾರಂಪರಿಕ ಎಂಬ ಮೂರೂ ಪದಗಳಿದ್ದವು. ಅವಳು ಪೆನ್ನು ತೆಗೆದು ಮೂರನ್ನೂ ಹೊಡೆದುಹಾಕಿದಳು.

"ಇದನ್ನು ಎಲ್ಲರೂ ಬರೀತಾರೆ. ಇದರ ಬದಲು ಒಬ್ಬ ಮನುಷ್ಯನನ್ನು ತೋರಿಸಿ. ಗಾಣದ ಹತ್ತಿರ ಯಾರಿರ್ತಾರೆ?"

"ನೋಣಯ್ಯ ಅಂತ ಇದ್ದಾರೆ. ಹಳೆಯ ಕೆಲಸದವರು. ಮಾತು ಕಮ್ಮಿ."

ಅವಳು ಹೋಗಿ ನೋಣಯ್ಯನವರನ್ನು ಮಾತಾಡಿಸಿದಳು. ಅರವತ್ತೇಳು ವರ್ಷದ ತೆಳ್ಳಗಿನ ಮನುಷ್ಯ, ಮೊಣಕೈವರೆಗೆ ಎಣ್ಣೆಯ ಹೊಳಪು. ಗಾಣದಲ್ಲಿ ಎಣ್ಣೆ ಬಿಟ್ಟಿತೋ ಇಲ್ಲವೋ ಎಂದು ಬಗ್ಗಿ ನೋಡುತ್ತಿರಲಿಲ್ಲ, ಬೆನ್ನು ಹಾಕಿ ನಿಂತು ಕೇಳುತ್ತಿದ್ದರು. ಅವರು ಹೇಳಿದ ಒಂದು ಮಾತು ಅವಳಿಗೆ ಹಿಡಿಸಿತು. ಅದನ್ನೇ ಇಟ್ಟುಕೊಂಡು ಬರೆದಳು: ‘“ಸ್ವರ ಕೇಳು ಮಗಾ, ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ” ಎಂದು ತಂದೆ ಹೇಳಿಕೊಟ್ಟಿದ್ದರು. ಐವತ್ತು ವರ್ಷಗಳ ನಂತರವೂ ನೋಣಯ್ಯ ಗಾಣದ ಸ್ವರ ಕೇಳಿಯೇ ಎಣ್ಣೆ ಇಳಿಸುತ್ತಾರೆ.’ ಆ ಪೋಸ್ಟು ಬೆಳ್ತಂಗಡಿ, ಬಂಟ್ವಾಳ ದಾಟಿ ದುಬೈಯಲ್ಲಿರುವ ಊರಿನವರ ಗುಂಪುಗಳವರೆಗೆ ಹೋಯಿತು. ಝಕರಿಯಾ ಖುಷಿಯಲ್ಲಿ ಆ ಮಾತನ್ನೇ ಬಾಟಲಿಯ ಲೇಬಲ್ಲಿನ ಮೇಲೆ ಅಚ್ಚು ಹಾಕಿಸಿದ: ‘ಸ್ವರ ಕೇಳು ಮಗಾ. ತಂದೆಯಿಂದ ಮಗನಿಗೆ ಬಂದ ಗಾಣದ ಎಣ್ಣೆ.’

ಈಗ ಆ ಪೋಸ್ಟಿನ ಅಡಿಯಲ್ಲೇ ಬೂದು ವೃತ್ತ ಕೂತಿತ್ತು.

"ಅದು ಬೆಳ್ತಂಗಡಿಯ ಉಸ್ಮಾನಂದೇ ಕೆಲಸ. ಅವನ ಎಣ್ಣೆ ಹೋಗ್ತಾ ಇಲ್ಲ, ನಮ್ಮದು ಹೋಗ್ತಾ ಉಂಟು. ಹೊಟ್ಟೆಕಿಚ್ಚು" ಎಂದ ಝಕರಿಯಾ. "ನೀವು ಡಿಲೀಟ್ ಮಾಡಿ."

ಕಮೆಂಟು ಅಳಿಸಬಾರದು, ಉತ್ತರಿಸಬೇಕು ಎಂದು ಕಾಲೇಜಿನಲ್ಲಿ ಪಾಠ ಮಾಡುವವಳೇ ಅಂದು ಅಳಿಸಿದಳು. ಒಂದು ಗಂಟೆಯೊಳಗೆ ಅಳಿಸಿದ್ದರ ಚಿತ್ರವೇ ವಾಪಸು ಬಂತು. ಜೊತೆಗೆ ಒಂದು ಸಾಲು: ‘ಕೇಳುವ ಬದಲು ಅಳಿಸಿದರು.’ ಅದನ್ನು ಇನ್ನೂರು ಜನ ಹಂಚಿಕೊಂಡರು. ಶನಿವಾರ ಮೂಡುಬಿದಿರೆಯ ದೊಡ್ಡ ಕಿರಾಣಿ ಅಂಗಡಿಯವರು, ಅವಳ ಆಫೀಸಿನ ಎದುರು ಸಾಲಿನವರೇ, ಎರಡು ಪೆಟ್ಟಿಗೆ ಎಣ್ಣೆಯನ್ನು ಒಳಗೆ ಇಳಿಸಿಕೊಳ್ಳದೆ ವ್ಯಾನಿನಲ್ಲೇ ಹಿಂದಕ್ಕೆ ಕಳಿಸಿದ್ದನ್ನು ಅವಳು ಕಿಟಕಿಯಿಂದ ನೋಡಿದಳು.

ಆ ಭಾನುವಾರ ಅವಳು ಉಸ್ಮಾನನ ಪುಟವನ್ನು ಒಂದು ವರ್ಷ ಹಿಂದಿನವರೆಗೂ ಓದಿದಳು. ಅವನು ಬರೆಯುವುದೆಲ್ಲ ಇಂಗ್ಲಿಷ್ ಅಕ್ಷರದಲ್ಲಿ, ಅದೂ ತಪ್ಪುತಪ್ಪಾಗಿ. ‘ನದಿ ಬದಿ’ಯ ಕನ್ನಡದಲ್ಲಿ ಒಂದು ಕಾಗುಣಿತವೂ ತಪ್ಪಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಸಾಲಿನಲ್ಲಿ ‘ನೋಣಯ್ಯನವರು’ ಎಂಬ ಗೌರವವಿತ್ತು. ಹೆಸರು ಕೆಡಿಸಲು ಬಂದವರು ‘ನವರು’ ಸೇರಿಸುವುದಿಲ್ಲ. ಅದನ್ನು ಯೋಚಿಸುತ್ತಿದ್ದಂತೆ ಅವಳ ಅನುಮಾನ ಉಸ್ಮಾನನನ್ನು ಬಿಟ್ಟು ಪುಂಜಾಲಕಟ್ಟೆಯ ಕಡೆಗೆ ತಿರುಗಿತು. ನೋಣಯ್ಯನವರಿಗೆ ಏನೋ ಗೊತ್ತಿದೆ. ಝಕರಿಯಾ ಏನೋ ಮಾಡುತ್ತಿದ್ದಾನೆ. ಅದಕ್ಕೆ ತಾನು ಚಂದದ ಮಾತಿನ ಮುಚ್ಚಳ ಹಾಕಿದ್ದೇನೆ.

ಸೋಮವಾರ ಮುಂಚಿತವಾಗಿ ಹೇಳದೆ ಮಿಲ್ಲಿಗೆ ಹೋದಳು.

ಝಕರಿಯಾ ಇರಲಿಲ್ಲ. ಒಣಗಲು ಹಾಕಿದ ಕೊಬ್ಬರಿಯ ವಾಸನೆ ಅಂಗಳದಲ್ಲೆಲ್ಲ ಇತ್ತು. ಒಳಗೆ ಗಾಣ ತಿರುಗುತ್ತಿತ್ತು. ಹಿಂಬದಿಯ ಗೋಡೆಯ ಪಕ್ಕ ನಾಲ್ಕು ನೀಲಿ ಡ್ರಮ್ಮುಗಳನ್ನು ಅವಳು ಕಂಡಳು. ಮೊದಲ ಸಲ ಬಂದಾಗ ಅವು ಅಲ್ಲಿದ್ದವೋ ಇಲ್ಲವೋ ನೆನಪಾಗಲಿಲ್ಲ. ಹೆಸರಿಲ್ಲ, ಚೀಟಿಯಿಲ್ಲ. ಒಂದರ ಮುಚ್ಚಳ ಎತ್ತಿದಳು. ಮಂದವಾದ ಕಂದು ಎಣ್ಣೆ.

"ಅದನ್ನು ಯಾಕೆ ತೆಗೆದಿರಿ?"

ಬಾಗಿಲಲ್ಲಿ ಝಕರಿಯಾ ನಿಂತಿದ್ದ. ಕೈಯಲ್ಲಿ ಕಾರಿನ ಕೀ.

"ಇದೆಂಥ ಎಣ್ಣೆ?" ಎಂದಳು.

"ಅಡಿಯಲ್ಲಿ ಉಳಿಯುವ ಗಸಿ. ಸೋಪು ಮಾಡುವವರು ತಗೊಂಡು ಹೋಗ್ತಾರೆ." ಅವನು ಬಂದು ಮುಚ್ಚಳ ಮುಚ್ಚಿದ. "ನೀವು ನನ್ನನ್ನು ಚೆಕ್ ಮಾಡ್ಲಿಕ್ಕೆ ಬಂದದ್ದಾ ಮೇಡಂ?"

"ಜನ ಕೇಳ್ತಾ ಇದ್ದಾರೆ. ನನ್ನ ಬರವಣಿಗೆ ಅದು, ನನಗೆ ಗೊತ್ತಿರಬೇಕು."

"ನಿಮ್ಮ ಬರವಣಿಗೆ. ನನ್ನ ಎಣ್ಣೆ" ಎಂದ ಅವನು. "ಲ್ಯಾಬಿಗೆ ಕಳಿಸಿ ಬೇಕಾದ್ರೆ. ಈಗಲೇ ಒಂದು ಬಾಟಲಿ ತೆಗೆದುಕೊಂಡು ಹೋಗಿ, ನಾನು ಬೇಡ ಹೇಳುದಿಲ್ಲ."

ಅವಳು ನಿಜಕ್ಕೂ ಒಂದು ಬಾಟಲಿ ತೆಗೆದು ಚೀಲಕ್ಕೆ ಹಾಕಿಕೊಂಡಳು. ಅವನ ಮುಖ ಕಪ್ಪಿಟ್ಟಿತು. ಆಫೀಸಿನ ಕೋಣೆಗೆ ಹೋದ.

ನೋಣಯ್ಯ ಗಾಣಕ್ಕೆ ಬೆನ್ನು ಹಾಕಿ ನಿಂತಿದ್ದರು. ಅವಳು ಹತ್ತಿರ ಹೋದಾಗ ತಲೆಯೆತ್ತಲಿಲ್ಲ.

"ನಿಮ್ಮನ್ನು ಕೇಳಿ ಅಂತ ಯಾರೋ ಬರೀತಾ ಇದ್ದಾರೆ ನೋಣಯ್ಯರೇ. ನನಗೆ ಹೇಳಿ. ನಾನು ಎಂಥದು ಕೇಳಬೇಕು?"

ಅವರು ಬಹಳ ಹೊತ್ತು ಕೈಯ ಎಣ್ಣೆಯನ್ನು ಚಿಂದಿಬಟ್ಟೆಗೆ ಒರೆಸಿದರು. ಎಷ್ಟು ಒರೆಸಿದರೂ ಹೋಗದ ಎಣ್ಣೆ ಅದು. ಕೊನೆಗೆ ತುಳುವಿನಲ್ಲಿ, ಗಾಣಕ್ಕೆ ಹೇಳುವವರ ಹಾಗೆ ಹೇಳಿದರು:

"ನೀವು ಆ ದಿನವೇ ಕೇಳಿದ್ರಿ ಅಕ್ಕ. ನಾನು ಹೇಳಿದ್ದೆ."

"ಏನು ಹೇಳಿದ್ರಿ?"

"ಎಲ್ಲ ಹೇಳಿದ್ದೆ." ಅಷ್ಟು ಹೇಳಿ ಹಿಂಡಿ ತುಂಬಲು ಬುಟ್ಟಿ ಎತ್ತಿಕೊಂಡು ಹೊರಗೆ ಹೋದರು.

ಅವಳು ಜಂಕ್ಷನ್ನಿಗೆ ನಡೆದು ಬಂದು ಹೋಟೆಲೊಂದರಲ್ಲಿ ಕೂತಳು. ಆ ದಿನದ ಮಾತುಕತೆಯನ್ನು ಫೋನಿನಲ್ಲಿ ರೆಕಾರ್ಡು ಮಾಡಿಕೊಂಡಿದ್ದಳು. ಪತ್ರಿಕೆಯ ಕಾಲದ ಅಭ್ಯಾಸ. ಒಟ್ಟು ಇಪ್ಪತ್ತಾರು ನಿಮಿಷ. ಇಯರ್‌ಫೋನು ಸಿಕ್ಕಿಸಿ ಕೇಳತೊಡಗಿದಳು. ಏಳನೆಯ ನಿಮಿಷದಲ್ಲಿ ಅವಳದೇ ಸ್ವರ: "ನಿಮ್ಮ ತಂದೆಯೂ ಮಿಲ್ಲಿನಲ್ಲೇ ಇದ್ರಾ?" ನೋಣಯ್ಯ: "ಇದ್ರು." ಆಮೇಲೆ ಒಂಬತ್ತನೆಯ ನಿಮಿಷದಲ್ಲಿ: "‘ಸ್ವರ ಕೇಳು ಮಗಾ’ ಅಂತ ಹೇಳ್ತಿದ್ರು..." ಅವಳ ಸ್ವರದಲ್ಲಿ ಸಂತೋಷ ಉಕ್ಕಿದ್ದು ರೆಕಾರ್ಡಿನಲ್ಲೂ ಕೇಳುತ್ತಿತ್ತು. "ಆಹಾ, ತುಂಬ ಒಳ್ಳೆಯ ಮಾತು." ಅಂದು ಆಫೀಸಿನಲ್ಲಿ ಅವಳು ಕೇಳಿದ್ದು ಅಲ್ಲಿಯವರೆಗೆ ಮಾತ್ರ. ತಲೆಬರಹ ಸಿಕ್ಕಿತ್ತು. ಮುಂದಿನದು ಬೇಕಾಗಿರಲಿಲ್ಲ.

ಈಗ ಮುಂದೆ ಕೇಳಿದಳು. ಹದಿನಾರನೆಯ ನಿಮಿಷದಲ್ಲಿ ನೋಣಯ್ಯ ತಾವಾಗಿಯೇ ಮಾತು ತೆಗೆದಿದ್ದರು. ಅಪ್ಪ ಬಂಟ್ವಾಳದ ಹಳೆಯ ಮಿಲ್ಲಿನ ಅಂಗಳದಲ್ಲಿ ಕೊಬ್ಬರಿ ಮೂಟೆ ಹೊರುತ್ತಿದ್ದರು, ಗಾಣದ ಕೋಣೆಯೊಳಗೆ ಕಾಲಿಟ್ಟವರಲ್ಲ. ತನ್ನನ್ನು ಒಳಗೆ ಕರೆದದ್ದು ಮಹಮ್ಮದ್ ಕುಂಞಿ, ಅಲ್ಲಿಯ ಗಾಣದ ಮೇಸ್ತ್ರಿ. ಕೊಬ್ಬರಿಯನ್ನು ಹಲ್ಲಿನಲ್ಲಿ ಕಚ್ಚಿ ನೋಡಲು ಕಲಿಸಿದ್ದು, ಸ್ವರ ಕೇಳಲು ಕಲಿಸಿದ್ದು, ಸ್ವಂತ ಮಗನಿಗೆ ಹೇಳುವ ಹಾಗೆ ‘ಮಗಾ’ ಎಂದು ಕರೆದದ್ದು ಎಲ್ಲ ಅವರೇ. ‘ಕುಂಞಾಕ ಇಲ್ಲದಿದ್ರೆ ನಾನೂ ಮೂಟೆಯೇ ಹೊರ್ತಿದ್ದೆ.’ ಈ ಮಾತಿಗೆ ರೆಕಾರ್ಡಿನಲ್ಲಿ ಅವಳ ಉತ್ತರ "ಹಾಂ ಹಾಂ" ಎಂದಿತ್ತು. ಹಿನ್ನೆಲೆಯಲ್ಲಿ ಪಟಪಟ ಕ್ಯಾಮೆರಾದ ಸದ್ದು. ಅವಳು ಅವರ ಕೈಗಳ ಫೋಟೋ ತೆಗೆಯುತ್ತಿದ್ದಳು.

ಎದುರು ಇಟ್ಟ ಚಹಾ ಆರಿತು. ಇಷ್ಟು ದಿನ ಉಸ್ಮಾನನನ್ನು, ಝಕರಿಯಾನನ್ನು, ನೀಲಿ ಡ್ರಮ್ಮುಗಳನ್ನು ಅನುಮಾನಿಸಿದ್ದಳು. ಅನುಮಾನಿಸದೆ ಬಿಟ್ಟದ್ದು ತಾನು ಬರೆದ ‘ತಂದೆ’ ಎಂಬ ಎರಡಕ್ಷರವನ್ನು ಮಾತ್ರ.

ಬಂದ ಬಸ್ಸು ಹತ್ತದೆ ಮಿಲ್ಲಿಗೆ ಮರಳಿದಳು. ನೋಣಯ್ಯ ಅಂಗಳದ ನೆರಳಲ್ಲಿ ಊಟದ ಡಬ್ಬಿ ಮುಚ್ಚುತ್ತಿದ್ದರು.

"ಕೇಳಿದೆ" ಎಂದಳು. "ತಪ್ಪು ನನ್ನದು. ಆದ್ರೆ ನೀವು ಯಾಕೆ ಹೇಳ್ಲಿಲ್ಲ? ಲೇಬಲ್ ಬಂದ ದಿನ ಹೇಳಬಹುದಿತ್ತಲ್ಲ?"

ನೋಣಯ್ಯ ಡಬ್ಬಿಯ ಮುಚ್ಚಳವನ್ನು ಬಿಗಿ ಮಾಡಿದರು, ಮತ್ತೆ ಸಡಿಲ ಮಾಡಿದರು.

"ಮಗಳು ಓದಿ ಹೇಳಿದ್ಲು. ಕೇಳುವಾಗ ನನಗೂ ಒಂಥರಾ ಆಯ್ತು. ತಪ್ಪು ಅಂತ ಗೊತ್ತುಂಟು. ನನ್ನ ಅಪ್ಪನನ್ನು ಜೀವಮಾನದಲ್ಲಿ ಯಾರೂ ಹೆಸರು ಹಿಡಿದು ಕರೆದದ್ದಿಲ್ಲ ಅಕ್ಕ. ‘ಹೇ ಮೂಟೆ’ ಅಂತ ಕರೀತಿದ್ರು. ಅದರಲ್ಲಿ ನೋಡಿದ್ರೆ ಅವರು ದೊಡ್ಡ ಕೆಲಸ ಬಲ್ಲವರು ಅಂತ ಉಂಟು. ಊರಿನವರು ಬಂದು ‘ನಿನ್ನ ಅಪ್ಪ ಅಷ್ಟು ಗೊತ್ತಿದ್ದವರಾ’ ಅಂತ ಕೇಳಿದ್ರು. ನನಗೆ ಇಲ್ಲ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ."

"ಕುಂಞಿಯವರು ಈಗ?"

"ಉಂಟಲ್ಲ, ಬಂಟ್ವಾಳದಲ್ಲಿ. ಎಂಬತ್ತೈದಾಯ್ತು. ಕಣ್ಣು ಮಂಜು. ಪ್ರತಿ ಶುಕ್ರವಾರ ಹೋಗ್ತಿದ್ದೆ, ನಮಾಜು ಮುಗಿಸಿ ಬರುವ ಹೊತ್ತಿಗೆ. ಲೇಬಲ್ ಬಂದ ಮೇಲೆ ಹೋಗ್ಲಿಲ್ಲ. ಯಾವ ಮುಖದಲ್ಲಿ ಹೋಗುವುದು?"

ಅವಳು ಝಕರಿಯಾನ ಕೋಣೆಗೆ ಹೋಗಿ, ಚೀಲದಲ್ಲಿದ್ದ ಎಣ್ಣೆಯ ಬಾಟಲಿಯನ್ನು ಅವನ ಮುಂದೆ ಹಿಂದಿಟ್ಟು, ನಡೆದದ್ದನ್ನೆಲ್ಲ ಹೇಳಿದಳು. ಅವನು ಕೇಳಿ ಉಸಿರು ಬಿಟ್ಟ. "ಅಷ್ಟೇನಾ? ಎಣ್ಣೆಯ ವಿಷಯ ಅಲ್ಲ ಅಲ್ವಾ! ನಾನು ಎಷ್ಟು ಹೆದರಿದ್ದೆ. ಬಿಡಿ ಅದನ್ನು. ಎರಡು ವಾರದಲ್ಲಿ ಜನ ಮರೀತಾರೆ."

"ಲೇಬಲ್ ಬದಲಿಸಬೇಕು. ಪೋಸ್ಟು ತಿದ್ದಬೇಕು."

"ಬೇಡ."

ಅದನ್ನು ಅವನು ಅಷ್ಟು ಬೇಗ ಹೇಳಿದ್ದು ನೋಡಿ ಅವಳಿಗೆ ಮತ್ತೆ ಸಂಶಯ ಬಂತು.

"ನಿಮಗೆ ಮೊದಲೇ ಗೊತ್ತಿತ್ತಾ ಝಕರಿಯಾ?"

ಅವನು ಮೇಜಿನ ಮೇಲಿನ ಖಾಲಿ ಬಾಟಲಿಯನ್ನು ತಿರುಗಿಸಿ ತಿರುಗಿಸಿ ಇಟ್ಟ. "ಬಂಟ್ವಾಳದಲ್ಲಿ ಕುಂಞಾಕರನ್ನು ಗೊತ್ತಿಲ್ಲದವರು ಯಾರು? ನೋಣಯ್ಯರನ್ನು ನನಗೆ ತೋರಿಸಿಕೊಟ್ಟದ್ದೇ ಅವರು."

"ಮತ್ತೆ ನಾನು ಕಳಿಸಿದ್ದನ್ನು ಓದಿ ಓಕೆ ಅಂದ್ರಿ."

"ಅಂದೆ. ಮೇಡಂ, ನೀವು ವ್ಯಾಪಾರಕ್ಕೆ ಬರೆಯುವವರು, ನಿಮಗೆ ನಾನು ಹೇಳಬೇಕಾ? ಮಾರುವವನು ನಾನು, ಬ್ಯಾರಿ ಮುಸ್ಲಿಂ. ಕಲಿಸಿದವರೂ ಬ್ಯಾರಿ ಅಂತ ಬರೆದ್ರೆ, ಬಾಟಲಿಯನ್ನು ಕೈಯಲ್ಲಿ ಹಿಡಿದು ವಾಪಸು ಇಡುವವರು ಇದ್ದಾರೆ. ಎಲ್ಲರೂ ಅಲ್ಲ. ಕೆಲವರು. ನೀವೇ ತಪ್ಪು ಬರೆದ್ರಿ, ನನಗೆ ಒಳ್ಳೆಯದಾಯ್ತು ಅಂತ ಸುಮ್ಮನಿದ್ದೆ." ಅವನು ಮೊದಲ ಸಲ ಅವಳ ಮುಖ ನೋಡಿದ. "ನೀವು ನಿಜವಾಗಿ ಗೊತ್ತಿಲ್ಲದೆ ಬರೆದದ್ದಾ? ನಾನು ಗೊತ್ತಿದ್ದೇ ಬರೆದದ್ದು ಅಂತ ಎಣಿಸಿದ್ದೆ."

ಆ ಮಾತು ಅವಳಿಗೆ ತಾಗಿತು. ಗೊತ್ತಿಲ್ಲದೆ ಬರೆದದ್ದು ಎಂದು ಹೇಳಬೇಕೆಂದಿದ್ದಳು. ಆದರೆ ‘ಮಗಾ’ ಎಂದವರು ಯಾರೆಂದು ಕೇಳುವ ಒಂದು ಪ್ರಶ್ನೆಯೂ ತನಗೆ ಹೊಳೆದಿರಲಿಲ್ಲ. ತಂದೆ, ಮಗ, ತಲೆಮಾರು. ಅದು ಮಾರಾಟವಾಗುತ್ತದೆ ಎಂದು ಕೈಗೆ ಗೊತ್ತಿತ್ತು. ತಲೆ ಕೆಲಸ ಮಾಡಿರಲೇ ಇಲ್ಲ.

ಶುಕ್ರವಾರ ನೋಣಯ್ಯನವರನ್ನು ಕರೆದುಕೊಂಡು ಅವಳು ಬಂಟ್ವಾಳಕ್ಕೆ ಹೋದಳು. ಪೇಟೆಯಿಂದ ನದಿಯ ಕಡೆಗೆ ಇಳಿಯುವ ಓಣಿಯಲ್ಲಿ ಮನೆ. ಬಾಗಿಲು ತೆರೆದದ್ದು ಇಪ್ಪತ್ತಮೂರು ಇಪ್ಪತ್ತನಾಲ್ಕರ ಹುಡುಗಿ, ತಲೆಗೆ ಶಾಲು, ಕುತ್ತಿಗೆಯಲ್ಲಿ ಯಾವುದೋ ಕ್ಲಿನಿಕ್ಕಿನ ಗುರುತಿನ ಚೀಟಿ. ನೋಣಯ್ಯನವರನ್ನು ಕಂಡು ಅವಳ ಮುಖ ಅರಳಿತು. ಹಿಂದೆ ನಿಂತ ಭವ್ಯಶ್ರೀಯನ್ನು ಕಂಡು ಅಷ್ಟೇ ಬೇಗ ಮುಚ್ಚಿತು.

"ನೀವು ಅದನ್ನು ಬರೆದವರಲ್ವಾ?" ಎಂದಳು.

"ಹೌದು. ನೀವು?"

"ಫಿದಾ. ಮೊಮ್ಮಗಳು." ಆಮೇಲೆ ತಗ್ಗಿದ ಸ್ವರದಲ್ಲಿ, ಆದರೆ ತಲೆ ತಗ್ಗಿಸದೆ ಹೇಳಿದಳು, "ನದಿ ಬದಿಯೂ ನಾನೇ. ಕೇಸ್ ಹಾಕ್ಲಿಕ್ಕೆ ಬಂದದ್ದಾ?"

"ಇಲ್ಲ. ನೇರವಾಗಿ ಬರೆಯಬಹುದಿತ್ತಲ್ಲ ಫಿದಾ, ಹೀಗಾಗಿದೆ ಅಂತ?"

"ಅಜ್ಜ ಬೇಡ ಹೇಳಿದ್ರು. ‘ನಾನು ಕಲಿಸಿದ್ದು ಅಂತ ನಾವೇ ಹೇಳಿಕೊಳ್ಳುವುದಾ? ನೋಣಯ್ಯ ಹೇಳ್ಲಿ’ ಅಂದ್ರು. ಹಾಗೆ ಅವರನ್ನು ಕೇಳಿ ಅಂತ ಬರೆದೆ. ಜನ ಕಲಬೆರಕೆ ಅಂತ ತಿಳಿದುಕೊಳ್ತಾರೆ ಅಂತ ನನಗೆ ಗೊತ್ತಿರ್ಲಿಲ್ಲ." ಶಾಲು ಸರಿಮಾಡಿಕೊಂಡು, "ಗೊತ್ತಾದ ಮೇಲೆಯೂ ನಿಲ್ಲಿಸ್ಲಿಲ್ಲ. ಅದೂ ನಿಜ" ಎಂದಳು.

ಒಳಗೆ ಕಿಟಕಿಯ ಹತ್ತಿರ ಮರದ ಕುರ್ಚಿಯಲ್ಲಿ ಮಹಮ್ಮದ್ ಕುಂಞಿ ಕೂತಿದ್ದರು. ಉದ್ದನೆಯ ಎಲುಬಿನ ಮನುಷ್ಯ, ಬಿಳಿ ಬನಿಯನ್ನು, ಬಿಳಿ ಪಂಚೆ. ಹೆಜ್ಜೆಯ ಸದ್ದಿಗೆ ತಲೆ ಓರೆ ಮಾಡಿದರು.

"ನೋಣಯ್ಯ ಅಲ್ವಾ? ಎಡಗಾಲು ಎಳೀತಾ ಉಂಟು. ಮತ್ತೆ ನೋವಾ?"

ನೋಣಯ್ಯ ಹೊಸ್ತಿಲ ಹತ್ತಿರವೇ ನೆಲದ ಮೇಲೆ ಕೂತುಬಿಟ್ಟರು. "ಕುಂಞಾಕ" ಎಂದರು. ಅಡುಗೆಮನೆಯಲ್ಲಿ ಫಿದಾ ಲೋಟ ತೊಳೆಯುವ ಸದ್ದು ಕೇಳುತ್ತಿತ್ತು.

"ಎಂಟು ಶುಕ್ರವಾರ" ಎಂದರು ಕುಂಞಿ ಕೊನೆಗೆ. "ಕಾಯಿಲೆ ಬಿದ್ದಿದ್ದೀಯ ಅಂತ ಮಾಡಿದ್ದೆ. ಆಮೇಲೆ ಇವಳು ಆ ಬಾಟಲಿ ತಂದು ಓದಿದ್ಲು. ನನ್ನ ಬಾಯಿಯ ಮಾತು, ನಿನ್ನ ಅಪ್ಪನ ಬಾಯಿಯಲ್ಲಿ. ನಿನ್ನ ಅಪ್ಪ ಒಳ್ಳೆಯವನು. ನನ್ನ ಜೊತೆ ಒಂದೇ ಬೀಡಿ ಸೇದಿದವನು. ಅವನಿಗೆ ಬೇಕಾದ್ದು ಕೊಡು. ಆದ್ರೆ ನನ್ನನ್ನು ಅಳಿಸಿ ಕೊಡಬೇಕಾ?"

ನೋಣಯ್ಯ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. "ಅಕ್ಕನಿಗೆ ನಾನು ಸರಿಯಾಗಿಯೇ ಹೇಳಿದ್ದೆ. ತಪ್ಪಾದ ಮೇಲೆ ಬಾಯಿ ಮುಚ್ಚಿದೆ. ನನ್ನದೇ ತಪ್ಪು."

"ಅವರದ್ದಲ್ಲ. ನನ್ನದು" ಎಂದಳು ಭವ್ಯಶ್ರೀ. "ಅವರು ಹೇಳಿದ್ದನ್ನು ನಾನು ಪೂರ್ತಿ ಕೇಳಲಿಲ್ಲ. ತಿದ್ದಿ ಬರೀತೇನೆ. ನಿಮ್ಮ ಹೆಸರು, ಬಂಟ್ವಾಳದ ಆ ಮಿಲ್ಲು, ನೀವು ಕಲಿಸಿದ್ದು, ಎಲ್ಲ ಹಾಕ್ತೇನೆ. ನಿಮ್ಮ ಒಂದು ಫೋಟೋ..."

ಮುದುಕರು ಅವಳ ದನಿಯ ಕಡೆಗೆ ಮುಖ ತಿರುಗಿಸಿದರು. ಮಂಜಾದ ಕಣ್ಣುಗಳು ಅವಳ ಭುಜದ ಮೇಲೆಲ್ಲೋ ನೆಟ್ಟವು.

"ಅದನ್ನೂ ಎಣ್ಣೆ ಮಾರ್ಲಿಕ್ಕೇ ಬರೆಯುವುದಲ್ವಾ?"

ಅವಳು ಇಲ್ಲ ಎನ್ನಲು ಬಾಯಿ ತೆರೆದಳು. ತಲೆಯೊಳಗೆ ಆಗಲೇ ಆ ಪೋಸ್ಟಿನ ಮೊದಲ ಸಾಲು ತಯಾರಾಗಿತ್ತು: ಇಬ್ಬರು ಮುದುಕರು, ಎರಡು ಧರ್ಮ, ಒಂದು ಗಾಣ. ಹಿಂದಿನದಕ್ಕಿಂತ ಹತ್ತು ಪಟ್ಟು ದೂರ ಹೋಗುವ ಸಾಲು. ಅದು ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಹೇಸಿಗೆಯಾಯಿತು.

"ಹೌದು" ಎಂದಳು.

ಕುಂಞಿ ತಲೆಯಾಡಿಸಿದರು, ಮೆಚ್ಚಿದಂತಲ್ಲ, ಲೆಕ್ಕ ಸರಿಹೋದಂತೆ. "ಹಾಗಾದ್ರೆ ನನ್ನ ಹೆಸರು ಬೇಡ. ಫೋಟೋವೂ ಬೇಡ. ಸುಳ್ಳು ತೆಗೆಯಿರಿ, ಸಾಕು. ಇವನು ಬಂದ, ಹೇಳಿದ. ನನಗೆ ಬೇಕಾದ್ದು ಅದೇ." ಆಮೇಲೆ ಅವಳು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ನೋಣಯ್ಯನವರ ಕಡೆಗೆ ಬಾಗಿ, "ಕೊಬ್ಬರಿ ಎಲ್ಲಿಂದ ತರಿಸ್ತಾ ಇದ್ದಾನೆ ಆ ಶಾರ್ಜಾದವನು? ಇವಳು ತಂದ ಬಾಟಲಿ ಮೂಸಿ ನೋಡಿದೆ. ಹೊಗೆ ವಾಸನೆ ಹೊಡೀತಾ ಉಂಟು" ಎಂದರು.

ತಿದ್ದುಪಡಿ ಬರೆಯಲು ಅವಳಿಗೆ ಮೂರು ದಿನ ಹಿಡಿಯಿತು. ಬರೆದದ್ದು ಆರೇ ಸಾಲು. ‘ನೋಣಯ್ಯನವರು ಗಾಣದ ಕೆಲಸವನ್ನು ತಂದೆಯಿಂದ ಕಲಿತರು ಎಂದು ನಾವು ಬರೆದಿದ್ದೆವು. ಅದು ತಪ್ಪು. ಅವರು ಸರಿಯಾಗಿ ಹೇಳಿದ್ದರು, ಬರೆದವರು ಪೂರ್ತಿ ಕೇಳಲಿಲ್ಲ. ಅವರು ಕಲಿತದ್ದು ಬಂಟ್ವಾಳದ ಒಬ್ಬ ಹಿರಿಯ ಮುಸ್ಲಿಂ ಗಾಣಿಗರಿಂದ. “ಸ್ವರ ಕೇಳು ಮಗಾ” ಎಂಬುದು ಆ ಗುರುಗಳ ಮಾತು. ಅವರ ಇಚ್ಛೆಯಂತೆ ಹೆಸರು ಹಾಕಿಲ್ಲ.’ ಫಿದಾಳಿಗೆ ಕಳಿಸಿ, ಅವಳು ಅಜ್ಜನಿಗೆ ಓದಿ ಹೇಳಿ, ‘ಆಯ್ತಂತೆ’ ಎಂದ ಮೇಲೆ ಝಕರಿಯಾನಿಗೆ ಕಳಿಸಿದಳು.

ಅವನು ಫೋನು ಮಾಡಿ ಹದಿನೈದು ನಿಮಿಷ ಮಾತಾಡಿದ. ‘ಮುಸ್ಲಿಂ’ ಎಂಬುದನ್ನು ಮಾತ್ರ ತೆಗೆಯಿರಿ, ‘ಹಿರಿಯರು’ ಎಂದರೆ ಸಾಲದೇ ಎಂದ. ಅವಳು ಆಗುವುದಿಲ್ಲ ಎಂದಳು. ಅದನ್ನು ತೆಗೆದರೆ ಮತ್ತೆ ಮೊದಲಿನ ಕೆಲಸವನ್ನೇ ಮಾಡಿದಂತೆ. ಹಾಗಾದರೆ ಪುಟದ ಪಾಸ್‌ವರ್ಡು ವಾಪಸು ಕೊಡಿ ಎಂದ. ಅವಳು ಮೊದಲು ತಿದ್ದುಪಡಿ ಹಾಕಿ, ಆಮೇಲೆ ಪಾಸ್‌ವರ್ಡು ಕೊಟ್ಟಳು. ಅದು ಸರಿಯೋ ತಪ್ಪೋ ಎಂದು ಬಹಳ ದಿನ ಯೋಚಿಸಿದಳು. ಅವನು ಅಳಿಸುತ್ತಾನೆ ಎಂದೇ ನಂಬಿದ್ದಳು. ದಿನಕ್ಕೆ ನಾಲ್ಕು ಸಲ ತೆರೆದು ನೋಡುತ್ತಿದ್ದಳು. ಅವನು ಅಳಿಸಲಿಲ್ಲ. ಯಾಕೆ ಅಳಿಸಲಿಲ್ಲ ಎಂಬುದೂ ಅವಳಿಗೆ ಒಂದು ಸಂಶಯವಾಗಿಯೇ ಉಳಿಯಿತು.

ಆ ಆರು ಸಾಲಿನ ಕೆಳಗೆ ಕೆಲವರು ಶಹಬ್ಬಾಸ್ ಎಂದರು, ಇಬ್ಬರು ಮೂವರು ಹೊಲಸಾಗಿ ಬರೆದರು, ಹೆಚ್ಚಿನವರು ಓದಲೇ ಇಲ್ಲ. ಎದುರು ಸಾಲಿನ ಕಿರಾಣಿ ಅಂಗಡಿಯವರು ಮುಂದಿನ ತಿಂಗಳು ಒಂದು ಪೆಟ್ಟಿಗೆ ತರಿಸಿದರು. ಒಂದೇ. ಹೊಸ ಲೇಬಲ್ಲಿನಲ್ಲಿ ಮಾತೇ ಇರಲಿಲ್ಲ. ಗಾಣದ ಒಂದು ಚಿತ್ರ, ಊರಿನ ಹೆಸರು.

ಝಕರಿಯಾ ಅವಳಿಗೆ ಮತ್ತೆ ಕೆಲಸ ಕೊಡಲಿಲ್ಲ. ಎರಡು ತಿಂಗಳ ನಂತರ, ಬೆಳ್ತಂಗಡಿಯ ತಾಲೂಕು ಕಚೇರಿಯಲ್ಲಿ ಏನೋ ಕೆಲಸ ಮುಗಿಸಿ ಮರಳುವಾಗ, ಮನೆಗೆ ಎಣ್ಣೆ ಬೇಕಿತ್ತೆಂಬ ನೆಪದಲ್ಲಿ ಅವಳು ಪುಂಜಾಲಕಟ್ಟೆಯಲ್ಲಿ ಇಳಿದಳು. ಮಿಲ್ಲಿನ ಅಂಗಳದಲ್ಲಿ ಝಕರಿಯಾನ ಕಾರು ನಿಂತಿತ್ತು. ಒಳಗೆ ಗಾಣದ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಹಮ್ಮದ್ ಕುಂಞಿ ಕೂತಿದ್ದರು, ಅಂಗೈ ಚಾಚಿಕೊಂಡು. ನೋಣಯ್ಯ ಅದರ ಮೇಲೆ ಒಂದು ಚೂರು ಕೊಬ್ಬರಿ ಇಟ್ಟರು. ಮುದುಕರು ಕಚ್ಚಿ, ಬಹಳ ಹೊತ್ತು ಅಗಿದು, ಉಗುಳಿದರು.

"ಇನ್ನೊಂದು ಬಿಸಿಲು ಬೇಕು" ಎಂದರು. ಝಕರಿಯಾ ವಿದ್ಯಾರ್ಥಿಯ ಹಾಗೆ ಕೈಕಟ್ಟಿ ನಿಂತಿದ್ದ. ಅವಳನ್ನು ನೋಡಿ ತಲೆಯಾಡಿಸಿದ, ನಗಲಿಲ್ಲ.

"ಯಾರೋ ಬಂದ್ರಲ್ಲ" ಎಂದರು ಕುಂಞಿ.

"ಆ ಬರೆಯುವ ಅಕ್ಕ" ಎಂದರು ನೋಣಯ್ಯ.

"ಓ." ಮುದುಕರು ಬಾಯಿ ಒರೆಸಿಕೊಂಡರು. "ಫೋನು ಒಳಗಿಡ್ಲಿಕ್ಕೆ ಹೇಳು."

ಅವಳು ಫೋನನ್ನು ಹೊರತೆಗೆದಿರಲೇ ಇಲ್ಲ. ಆದರೂ ಚೀಲದ ಜಿಪ್ಪನ್ನು, ಅವರಿಗೆ ಕೇಳಿಸುವಷ್ಟು ಸದ್ದಾಗುವಂತೆ ಎಳೆದು ಮುಚ್ಚಿ, ಗೋಡೆಗೆ ಒರಗಿ ನಿಂತಳು.